ಹೊರದೇಶದ ಸಂಸ್ಥೆಗಳು ನಮ್ಮ ಮಗಳಿಗೆ ಏನು ಮಾಡಿಕೊಡಬಲ್ಲವು?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೂರೆಕರೆಯಲ್ಲಿ ಮೆಕ್ಕೆಜೋಳ ಹಾಕ್ತೀವಿ. ಮಗಳಿಗೆ ಈಗ ಒಂದೂವರೆ ವರ್ಷ. ಹುಟ್ಟಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಡೌನ್ ಸಿಂಡ್ರೋಮ್ ಅಂದರು. ಹಿಡಿದುಕೊಂಡು ನಿಲ್ತಾಳೆ, ಮಾತು ಇನ್ನೂ ಇಲ್ಲ. ನನ್ನ ತಮ್ಮ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಈ ಮಕ್ಕಳಿಗಾಗಿ ಅಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿವೆ, ಬರೆದರೆ ಸಹಾಯ ಸಿಗುತ್ತೆ ಅಂತ ದಿನಾ ಒಂದೊಂದು ಲಿಂಕ್ ಕಳಿಸ್ತಾನೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರು ನಿಜಕ್ಕೂ ನಮ್ಮಂಥವರಿಗೆ ಏನಾದರೂ ಮಾಡ್ತಾರಾ? ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಮಾತು ಬೇಗ ಬರುತ್ತೆ ಅಂತ ಪರಿಚಯದವರೊಬ್ಬರು ಹೇಳ್ತಾರೆ, ಅದು ನಿಜವಾ? ನಾವಿಲ್ಲದ ಮೇಲೆ ಅವಳನ್ನು ನೋಡಿಕೊಳ್ಳೋರು ಯಾರು ಅನ್ನೋ ಚಿಂತೆಗೆ ನಿದ್ದೆ ಬರಲ್ಲ.
— ಒಬ್ಬ ತಾಯಿ, ಜಗಳೂರು ತಾಲ್ಲೂಕು

ಉತ್ತರ: ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಹಣದ ಸಹಾಯ ಅಲ್ಲಿಂದ ಬರುವುದಿಲ್ಲ. ಒಂದೊಂದು ಮನೆಗೆ ದುಡ್ಡು ಕಳಿಸುವುದು ಆ ಸಂಸ್ಥೆಗಳ ಕೆಲಸವೇ ಅಲ್ಲ. ನಮ್ಮ ದೇಶದ ಸಂಸ್ಥೆಗಳು ಹೊರದೇಶದ ದಾನ ಪಡೆಯಬೇಕಾದರೂ ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. ಹಾಗಾಗಿ ಯಾರಾದರೂ "ಫಾರಿನ್ ಟ್ರಸ್ಟ್‌ನಿಂದ ನಿಮ್ಮ ಮಗುವಿಗೆ ಹಣ ಬಂದಿದೆ, ನೋಂದಣಿ ಫೀ ಕಟ್ಟಿ" ಅಂತ ಫೋನ್ ಮಾಡಿದರೆ ಇಟ್ಟುಬಿಡಿ. ಅದು ಮೋಸ.

ಆದರೆ ತಮ್ಮ ಕಳಿಸಿದ ಲಿಂಕುಗಳನ್ನು ಅಳಿಸಬೇಡಿ. ಅವುಗಳಲ್ಲಿ ಕೆಲವು ಬಹಳ ಬೆಲೆಬಾಳುತ್ತವೆ. ನನ್ನ ಮಾತು ಇಷ್ಟೇ: ತಿಳಿವಳಿಕೆಯನ್ನು ಅಲ್ಲಿಂದ ತಗೊಳ್ಳಿ, ಕೆಲಸವನ್ನು ದಾವಣಗೆರೆಯಲ್ಲಿ ಮಾಡಿಸಿಕೊಳ್ಳಿ. ಇದನ್ನು ತಿರುಗಿಸಿ ಮಾಡುವವರೇ ಜಾಸ್ತಿ. ಹಣಕ್ಕೆ ಲಂಡನ್ ಕಡೆ ನೋಡ್ತಾರೆ, ತಿಳಿವಳಿಕೆಗೆ ಪಕ್ಕದ ಮನೆಯವರನ್ನು ಕೇಳ್ತಾರೆ.

ಈ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ನಿಮ್ಮಂಥ ಅಪ್ಪ ಅಮ್ಮಂದಿರೇ. 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೆಕ್ಸ್ ಬ್ರಿಂಕ್‌ವರ್ತ್ ಅನ್ನುವ ಶಿಕ್ಷಕರು ಪೋಷಕರಿಗಾಗಿ ಒಂದು ಸಂಘ ಶುರು ಮಾಡಿದರು. ಅವರ ಮಗಳಿಗೂ ಡೌನ್ ಸಿಂಡ್ರೋಮ್ ಇತ್ತು. ಇವತ್ತಿನ ಡೌನ್ಸ್ ಸಿಂಡ್ರೋಮ್ ಅಸೋಸಿಯೇಷನ್ ಬೆಳೆದದ್ದು ಅದರಿಂದ. ಅಮೆರಿಕದಲ್ಲಿ 1973ರಲ್ಲಿ ನ್ಯಾಷನಲ್ ಡೌನ್ ಸಿಂಡ್ರೋಮ್ ಕಾಂಗ್ರೆಸ್, 1979ರಲ್ಲಿ ನ್ಯಾಷನಲ್ ಡೌನ್ ಸಿಂಡ್ರೋಮ್ ಸೊಸೈಟಿ ಹುಟ್ಟಿದವು. ದೇಶದೇಶಗಳ ಸಂಘಗಳನ್ನು ಒಂದೆಡೆ ಸೇರಿಸುವುದು ಡೌನ್ ಸಿಂಡ್ರೋಮ್ ಇಂಟರ್‌ನ್ಯಾಷನಲ್. ನಮ್ಮ ದೇಶದಲ್ಲಿ ಚೆನ್ನೈನ ಡೌನ್ ಸಿಂಡ್ರೋಮ್ ಫೆಡರೇಷನ್ ಆಫ್ ಇಂಡಿಯಾ ಇದೆ. ಅದನ್ನು ಕಟ್ಟಿದ ಸುರೇಖಾ ರಾಮಚಂದ್ರನ್ ಕೂಡ ಇಂಥದ್ದೇ ಮಗಳ ತಾಯಿ. 2015ರಲ್ಲಿ ವಿಶ್ವ ಡೌನ್ ಸಿಂಡ್ರೋಮ್ ಸಮ್ಮೇಳನ ಚೆನ್ನೈನಲ್ಲೇ ನಡೆಯಿತು.

ಇವರೆಲ್ಲ ಸೇರಿ ಏನು ಮಾಡಿದರು ಅಂತ ಕೇಳಬಹುದು. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಅಂದು ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡ ಫೋಟೋಗಳನ್ನು ನೋಡಿರುತ್ತೀರಿ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದಕ್ಕೆ ಮೂರನೇ ತಿಂಗಳ 21ನೇ ತಾರೀಕು. ವಿಶ್ವಸಂಸ್ಥೆ 2011ರ ಡಿಸೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, 2012ರಿಂದ ಅಧಿಕೃತವಾಗಿ ಆಚರಣೆ ನಡೆಯುತ್ತಿದೆ. ಕಾಲುಚೀಲದ ಬಗ್ಗೆ ನನಗೆ ಅಂಥಾ ಉತ್ಸಾಹವಿಲ್ಲ, ನಿಜ ಹೇಳಬೇಕೆಂದರೆ. ಅದಕ್ಕಿಂತ ದೊಡ್ಡ ಕೆಲಸ 2006ರಲ್ಲಿ ಆಯಿತು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ ಒಪ್ಪಂದವಾಯಿತು. ಜಗತ್ತಿನ ಅಂಗವಿಕಲರ ಸಂಘಗಳು, ಪೋಷಕರ ಸಂಘಗಳು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದವು. 2007ರಲ್ಲಿ ಭಾರತ ಅದಕ್ಕೆ ಬದ್ಧವಾಯಿತು. ಅದಕ್ಕೆ ತಕ್ಕ ಹಾಗೆ ಹಳೆಯ ಕಾನೂನು ಹೋಗಿ 2016ರಲ್ಲಿ ಹೊಸ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ನಾಳೆ ನಿಮ್ಮೂರಿನ ಶಾಲೆಯಲ್ಲಿ "ಇಂಥ ಮಗುವನ್ನು ನಾವು ಸೇರಿಸಿಕೊಳ್ಳಲ್ಲ" ಅಂದರೆ ಅದು ಈ ಕಾಯ್ದೆಗೆ ವಿರುದ್ಧ. ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಗೂ ಇದೇ ಮಾತು. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಇದೆ. ಹೊರಗಿನ ಹೋರಾಟದ ದುಡ್ಡು ಜಗಳೂರಿಗೆ ಬರಲಿಲ್ಲ, ಫಲ ಬಂದಿದೆ.

ಈಗ ಆ ಲಿಂಕುಗಳಲ್ಲಿ ಆರಿಸಿಕೊಳ್ಳಬೇಕಾದದ್ದು. ಮೊದಲನೆಯದು ಆರೋಗ್ಯ ತಪಾಸಣೆಯ ಪಟ್ಟಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಯಾವ ವಯಸ್ಸಿಗೆ ಯಾವ ಪರೀಕ್ಷೆ ಮಾಡಿಸಬೇಕು ಅಂತ ಮಾರ್ಗಸೂಚಿ ಹೊರಡಿಸಿದೆ, 2022ರಲ್ಲಿ ಅದನ್ನು ತಿದ್ದಿ ಹೊಸದು ಮಾಡಿದೆ. ಪೋಷಕರಿಗೆ ಅರ್ಥವಾಗುವ ರೂಪದಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ. ನಾನು ನೋಡುವ ಬಹಳ ಮಕ್ಕಳಲ್ಲಿ ತೊಂದರೆ ಡೌನ್ ಸಿಂಡ್ರೋಮ್‌ನಿಂದಲೇ ಆಗಿರುವುದಿಲ್ಲ. ಅದರ ಜೊತೆ ಬರುವ, ಆದರೆ ಯಾರೂ ಪರೀಕ್ಷೆ ಮಾಡಿಸದ, ಸುಲಭವಾಗಿ ಸರಿಹೋಗುವ ಸಣ್ಣಪುಟ್ಟ ಕಾಯಿಲೆಗಳಿಂದ ಆಗಿರುತ್ತದೆ.

ನಿಮ್ಮ ಮಗಳಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಿದೆಯಾ? ಪತ್ರದಲ್ಲಿ ಬರೆದಿಲ್ಲ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟುವಾಗಲೇ ಹೃದಯದಲ್ಲಿ ದೋಷ ಇರುತ್ತದೆ. ಸ್ಟೆತಾಸ್ಕೋಪಿಗೆ ಏನೂ ಕೇಳಿಸದೆಯೂ ಇರಬಹುದು. ಹಾಗಾಗಿ ಹುಟ್ಟಿದ ಕೂಡಲೇ ಎಲ್ಲರಿಗೂ ಎಕೋ ಮಾಡಿಸಬೇಕು ಅನ್ನುವುದು ನಿಯಮ. ಕೆಲವು ದೋಷಗಳಿಗೆ ಮೊದಲ ವರ್ಷದೊಳಗೇ ಆಪರೇಷನ್ ಆಗಬೇಕು. ತಡವಾದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಆಮೇಲೆ ಆಪರೇಷನ್ ಮಾಡಲಿಕ್ಕೇ ಆಗದ ಸ್ಥಿತಿ ಬರುತ್ತದೆ. ಹದ ತಪ್ಪಿದ ಮೇಲೆ ಬಿತ್ತಿದ ಹಾಗೆ. ಎಕೋ ಆಗಿಲ್ಲದಿದ್ದರೆ ಈ ಉತ್ತರದ ಉಳಿದದ್ದನ್ನು ಆಮೇಲೆ ಓದಿ, ಮೊದಲು ಅದನ್ನು ಮಾಡಿಸಿ.

ಥೈರಾಯ್ಡ್ ಎರಡನೆಯದು. ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಟಿಎಸ್‌ಎಚ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ನೋಡಬೇಕು. ಥೈರಾಯ್ಡ್ ಕಡಿಮೆಯಾದರೆ ಮಗು ಮಂಕಾಗುತ್ತದೆ, ಮಲಬದ್ಧತೆ ಆಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಮನೆಯವರು "ಈ ಮಕ್ಕಳೇ ಹಾಗೆ" ಅಂತ ಸುಮ್ಮನಾಗ್ತಾರೆ. ದಿನಕ್ಕೊಂದು ಸಣ್ಣ ಮಾತ್ರೆಯಲ್ಲಿ ಸರಿಹೋಗುವ ವಿಷಯ ಅದು. ಆಮೇಲೆ ಕಿವಿ. ನೀವು ಮಾತಿನ ಬಗ್ಗೆ ಚಿಂತೆ ಮಾಡ್ತಿದ್ದೀರಿ, ನಾನು ಮೊದಲು ಕಿವಿಯ ಬಗ್ಗೆ ಕೇಳುತ್ತೇನೆ. ಇವರ ಕಿವಿಯ ದಾರಿ ಕಿರಿದು, ಒಳಗೆ ನೀರು ತುಂಬಿಕೊಳ್ಳುವುದು ಬಹಳ ಸಾಮಾನ್ಯ. ಅರ್ಧಂಬರ್ಧ ಕೇಳಿಸಿಕೊಳ್ಳುವ ಮಗು ಮಾತನ್ನು ಹೇಗೆ ಕಲಿಯಬೇಕು ಹೇಳಿ? ಎರಡೂ ಕಿವಿ ಸರಿಯಾಗಿ ಕೇಳಿಸುತ್ತವೆ ಅಂತ ಖಾತ್ರಿ ಆಗುವವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಕಣ್ಣಿನ ಪರೀಕ್ಷೆಯೂ ಹಾಗೆಯೇ. ಲಸಿಕೆಗಳನ್ನು ಎಲ್ಲ ಮಕ್ಕಳ ಹಾಗೇ ಹಾಕಿಸಿ, ಒಂದನ್ನೂ ಬಿಡಬೇಡಿ. ಮುಂದೆ ಯಾವಾಗಲಾದರೂ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ಡೌನ್ ಸಿಂಡ್ರೋಮ್ ಇದೆ ಅಂತ ಆ ಡಾಕ್ಟರಿಗೆ ಮೊದಲೇ ಹೇಳಿ. ಈ ಮಕ್ಕಳ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಹಿಡಿತ ಸಡಿಲ ಇರಬಹುದು.

ಈ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಮಗಳ ಫೈಲಿನಲ್ಲಿಡಿ. ಡಾಕ್ಟರ ಮುಂದೆ ಇಟ್ಟು "ಇದರಲ್ಲಿ ಯಾವುದು ಬಾಕಿ ಇದೆ ನೋಡಿ ಸಾರ್" ಅಂತ ಕೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಲಿಂಕುಗಳಲ್ಲಿ ಆರಿಸಿಕೊಳ್ಳಬೇಕಾದ ಎರಡನೆಯದು ಕಲಿಕೆ. ನಿಮ್ಮ ತಮ್ಮ ಇಂಗ್ಲೆಂಡಿನಲ್ಲೇ ಇರುವುದರಿಂದ ಒಂದು ಹೆಸರು ಬರೆದುಕೊಳ್ಳಲಿ: ಡೌನ್ ಸಿಂಡ್ರೋಮ್ ಎಜುಕೇಷನ್ ಇಂಟರ್‌ನ್ಯಾಷನಲ್. ಅದರ ಹಿಂದೆ ಒಂದು ಕತೆ ಇದೆ. ಲೆಸ್ಲಿ ಡಫನ್ ಅನ್ನುವ ತಂದೆ ತನ್ನ ಮಗಳು ಸಾರಾಗೆ ಚಿಕ್ಕಂದಿನಲ್ಲೇ ಪದಗಳನ್ನು ಓದುವುದನ್ನು ಕಲಿಸಿದ್ದರು. ಓದು ಕಲಿತದ್ದರಿಂದ ಅವಳ ಮಾತೂ ಸುಧಾರಿಸಿದೆ ಅನ್ನುವುದು ಅವರ ಅನುಭವ. ಪೋರ್ಟ್ಸ್‌ಮತ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸೂ ಬಕ್ಲಿ ಅವರಿಗೆ ಇದನ್ನು ಬರೆದು ತಿಳಿಸಿದರು. ಬಕ್ಲಿ 1980ರ ಸುಮಾರಿಗೆ ಇದರ ಮೇಲೆ ಸಂಶೋಧನೆ ಶುರು ಮಾಡಿದರು, ಆ ಸಂಸ್ಥೆ ಬೆಳೆದದ್ದು ಅದರಿಂದ. ಅವರ ಮನೆಯಲ್ಲೂ ಡೌನ್ ಸಿಂಡ್ರೋಮ್ ಇರುವ ಮಗಳಿದ್ದಳು. ಅಲ್ಲಿಯತನಕ ಈ ಮಕ್ಕಳಿಗೆ ಓದು ಬರುವುದಿಲ್ಲ ಅಂತಲೇ ಬಹಳ ಜನ ನಂಬಿದ್ದರು. ಅವರು ಕಂಡುಕೊಂಡದ್ದು ಏನೆಂದರೆ, ಕಿವಿಯಲ್ಲಿ ಕೇಳಿ ಕಲಿಯುವುದಕ್ಕಿಂತ ಕಣ್ಣಲ್ಲಿ ನೋಡಿ ಕಲಿಯುವುದು ಈ ಮಕ್ಕಳಿಗೆ ಸುಲಭ. ಕೇಳಿದ ಮಾತು ತಲೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ನೋಡಿದ್ದು ನಿಲ್ಲುತ್ತದೆ.

ಇದನ್ನು ಮನೆಯಲ್ಲಿ ಹೇಗೆ ಮಾಡುವುದು? ಈಗಿನ ವಯಸ್ಸಿಗೆ ಚಿತ್ರಗಳು, ವಸ್ತುಗಳು, ಕೈಸನ್ನೆ ಸಾಕು. ಹಾಲು, ಬಾ, ಇನ್ನೂ ಬೇಕು, ಸಾಕು ಅನ್ನುವುದಕ್ಕೆ ಒಂದೊಂದು ಸನ್ನೆ ಇಟ್ಟುಕೊಳ್ಳಿ. ಸನ್ನೆ ಮಾಡುವಾಗಲೆಲ್ಲ ಬಾಯಲ್ಲೂ ಹೇಳಿ. ಸನ್ನೆ ಕಲಿಸಿದರೆ ಮಾತೇ ಬರಲ್ಲ ಅಂತ ಅತ್ತೆಯವರು ಹೆದರಬಹುದು. ಹಾಗಾಗುವುದಿಲ್ಲ, ಅದು ಮಾತಿಗೆ ಮೆಟ್ಟಿಲು. ಒಂದೈವತ್ತು ನೂರು ಪದ ಅವಳಿಗೆ ಅರ್ಥ ಆಗತೊಡಗಿದ ಮೇಲೆ, ಸಾಮಾನ್ಯವಾಗಿ ಎರಡೂವರೆ ಮೂರು ವರ್ಷಕ್ಕೆ, ಪದದ ಕಾರ್ಡುಗಳನ್ನು ತನ್ನಿ. ಮೊದಲು ಒಂದೇ ಥರದ ಎರಡು ಕಾರ್ಡು ಜೋಡಿಸಲಿ. ಆಮೇಲೆ "ಎಮ್ಮೆ ಕೊಡು" ಅಂದಾಗ ಆರಿಸಿ ಕೊಡಲಿ. ಕೊನೆಗೆ ತಾನೇ ಹೇಳಲಿ. ಈ ಮೂರು ಹೆಜ್ಜೆಯ ಕ್ರಮ ಅವರದು, ಪದಗಳು ಮಾತ್ರ ನಿಮ್ಮ ಮನೆಯವು ಇರಲಿ. ಅಲ್ಲಿನ ಕಾರ್ಡುಗಳಲ್ಲಿ ಇರುವ ಹಣ್ಣು, ಪ್ರಾಣಿಗಳನ್ನೆಲ್ಲ ಇವಳು ಕಂಡಿರುವುದಿಲ್ಲ. ಅವುಗಳನ್ನು ಕೊಂಡು ತರಿಸಬೇಡಿ. ಅಪ್ಪ, ಅಜ್ಜಿ, ಎಮ್ಮೆ, ರೊಟ್ಟಿ, ಟ್ರ್ಯಾಕ್ಟರ್ ಅಂತ ರಟ್ಟಿನ ಮೇಲೆ ದಪ್ಪಗೆ ಬರೆದರೆ ಮುಗಿಯಿತು. ಒತ್ತಕ್ಷರ ಕಷ್ಟ ಆಗುತ್ತೆ ಅನ್ನುವ ಹೆದರಿಕೆ ಬೇಡ. ಈ ಹಂತದಲ್ಲಿ ಮಗು ಅಕ್ಷರ ಬಿಡಿಸಿ ಓದುವುದಿಲ್ಲ, ಇಡೀ ಪದವನ್ನು ಮುಖದ ಗುರುತು ಹಿಡಿದ ಹಾಗೆ ಹಿಡಿಯುತ್ತದೆ. ಅ ಆ ಇ ಈ ಆಮೇಲೆ ಬಂದರೂ ನಡೆಯುತ್ತದೆ.

ಅಂದ ಹಾಗೆ, ಒಂದೂವರೆ ವರ್ಷಕ್ಕೆ ಹಿಡಿದು ನಿಲ್ಲುವುದು ಈ ಮಕ್ಕಳ ಮಟ್ಟಿಗೆ ಚೆನ್ನಾಗಿಯೇ ಇದೆ. ನಡೆಯುವುದು ಸರಾಸರಿ ಎರಡು ವರ್ಷದ ಆಸುಪಾಸು, ಕೆಲವರಿಗೆ ಮೂರೂ ಆಗುತ್ತದೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ಇಂಗ್ಲಿಷ್ ತೊಂದರೆಗೆ ಮದ್ದು ನಿಮ್ಮ ತಮ್ಮನೇ. ದಿನಕ್ಕೊಂದು ಲಿಂಕ್ ಕಳಿಸುವ ಬದಲು ವಾರಕ್ಕೊಮ್ಮೆ ಒಂದನ್ನು ಓದಿ, ಕನ್ನಡದಲ್ಲಿ ವಾಯ್ಸ್ ಮೆಸೇಜ್ ಮಾಡಲಿ. ಮೊದಲು ಆರೋಗ್ಯದ ಪಟ್ಟಿ. ಆಮೇಲೆ 2020ರಲ್ಲಿ ಡೌನ್ ಸಿಂಡ್ರೋಮ್ ಇಂಟರ್‌ನ್ಯಾಷನಲ್‌ನವರು ಹೊರತಂದ ಶಿಕ್ಷಣದ ಮಾರ್ಗಸೂಚಿ. ಅದು ಶಿಕ್ಷಕರಿಗಾಗಿ ಬರೆದದ್ದು, ಅವಳು ಅಂಗನವಾಡಿಗೆ ಹೋಗುವ ಹೊತ್ತಿಗೆ ನಿಮಗೆ ಬೇಕಾಗುತ್ತದೆ. ಅಮೆರಿಕದ ಜಿಜೀಸ್ ಪ್ಲೇಹೌಸ್ ಅನ್ನುವ ಸಂಸ್ಥೆ ಆಟದ ಮೂಲಕ ಕಲಿಸುವ ತರಗತಿಗಳನ್ನು ಇಂಟರ್‌ನೆಟ್‌ನಲ್ಲೂ ಉಚಿತವಾಗಿ ನಡೆಸುತ್ತದೆ. ಸಮಯದ ವ್ಯತ್ಯಾಸದಿಂದ ನಮಗೆ ಸ್ವಲ್ಪ ಕಷ್ಟ, ಆದರೂ ಒಮ್ಮೆ ನೋಡಬಹುದು.

ಸ್ಟೆಮ್ ಸೆಲ್ ವಿಷಯಕ್ಕೆ ಒಂದೇ ಮಾತು: ಬೇಡ. ಪ್ರತಿ ಜೀವಕೋಶದಲ್ಲೂ ಇರುವ ಹೆಚ್ಚುವರಿ ಕ್ರೋಮೋಸೋಮನ್ನು ಯಾವ ಇಂಜೆಕ್ಷನ್ನೂ ತೆಗೆಯುವುದಿಲ್ಲ. ನಮ್ಮ ದೇಶದ 2017ರ ಸ್ಟೆಮ್ ಸೆಲ್ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಇದನ್ನು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಒಪ್ಪಿಗೆ ಪಡೆದ ಸಂಶೋಧನೆ ಆದರೆ ನಿಮ್ಮಿಂದ ಹಣ ಕೇಳುವುದಿಲ್ಲ. ಹಣ ಕೇಳಿದರು ಅಂದರೆ ಅಲ್ಲಿಂದ ಎದ್ದು ಬನ್ನಿ. ಬುದ್ಧಿ ಚುರುಕಾಗುವ ಪುಡಿ, ಟಾನಿಕ್ಕುಗಳದ್ದೂ ಇದೇ ಕತೆ. ಹೊಲ ಅಡ ಇಟ್ಟು ಮಾಡುವ ಖರ್ಚಲ್ಲ ಇದು.

ಈಗ ಊರಿನ ಕಡೆ ಬರೋಣ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಅಂದರೆ ಅಂಗವಿಕಲರ ಪುನರ್ವಸತಿ ಕೇಂದ್ರ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವಿಕಲರ ಸಂಸ್ಥೆಯ ಕೈಕೆಳಗೆ ಅದು ನಡೆಯುತ್ತದೆ. ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಅನುಕೂಲ ನಿಮಗೆ ಒಂದು ಬಸ್ಸಿನ ದೂರದಲ್ಲಿದೆ, ಲಂಡನ್ ಬಗ್ಗೆ ಯೋಚಿಸುವಾಗ ಇದನ್ನು ಮರೆಯಬೇಡಿ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ವಿಶೇಷ ಶಿಕ್ಷಣದ ಮಾರ್ಗದರ್ಶನ ಅಲ್ಲಿ ಸಿಗುತ್ತದೆ. ವಾರ ವಾರ ಬರಲಾಗದಿದ್ದರೆ ತಿಂಗಳಿಗೊಮ್ಮೆ ಬಂದು, ಮನೆಯಲ್ಲಿ ಏನು ಮಾಡಬೇಕು ಅಂತ ತೋರಿಸಿಕೊಂಡು ಹೋಗಿ. ಥೆರಪಿಸ್ಟ್ ಮಾಡುವ ಅರ್ಧ ಗಂಟೆಗಿಂತ ನೀವು ಸ್ನಾನ ಮಾಡಿಸುವಾಗ, ಉಣ್ಣಿಸುವಾಗ ಮಾಡುವ ದಿನವಿಡೀ ಕೆಲಸವೇ ದೊಡ್ಡದು. ಶಕ್ತಿ ಯೋಜನೆ ಇರುವುದರಿಂದ ಸಾದಾ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚೂ ಇಲ್ಲ.

ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ತಂಡಕ್ಕೆ, ಮಗಳನ್ನು ತೋರಿಸಿ. 2013ರಲ್ಲಿ ಶುರುವಾದ ಈ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮೂ ಇದೆ, ಹುಟ್ಟಿನಿಂದ ಬಂದ ಹೃದಯದ ದೋಷವೂ ಇದೆ. 18 ವರ್ಷದವರೆಗೆ ಅನ್ವಯಿಸುತ್ತದೆ. ಎಕೋದಲ್ಲಿ ಏನಾದರೂ ಸಿಕ್ಕರೆ ಮುಂದಿನ ಆಸ್ಪತ್ರೆಗೆ ಅವರೇ ಬರೆದುಕೊಡುತ್ತಾರೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ.

ಕಾಗದಪತ್ರದ ವಿಷಯ ಬೇಸರ ತರಿಸುತ್ತೆ, ಆದರೂ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಪಿಂಚಣಿ, ಪಾಸ್, ರೈಲಿನ ರಿಯಾಯಿತಿ, ವಿಮೆ ಎಲ್ಲಕ್ಕೂ ಅದೇ ಬಾಗಿಲು. ಚಿಕ್ಕ ಮಕ್ಕಳಿಗೆ ಮೊದಲು ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಬೆಳೆದ ಹಾಗೆ ನವೀಕರಿಸಬೇಕು. ಅದು ಕೈಗೆ ಬಂದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಸೇರುತ್ತದೆ. ಇದಕ್ಕೆಲ್ಲ ಯಾರನ್ನು ಕೇಳುವುದು ಅಂದರೆ, ನಿಮ್ಮ ಗ್ರಾಮ ಪಂಚಾಯಿತಿಗೆ ಒಬ್ಬ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಇದೇ ಅವರ ಕೆಲಸ. ಯಾರು ಅಂತ ಪಿಡಿಒ ಹತ್ತಿರ ವಿಚಾರಿಸಿ.

ನಿಮ್ಮ ಕೊನೆಯ ಪ್ರಶ್ನೆ, ನಾವಿಲ್ಲದ ಮೇಲೆ ಏನು. ಈ ಚಿಂತೆ ಹೊಸದು ಅಂತ ಹೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಅಮೆರಿಕದಲ್ಲಿ 1980ರ ದಶಕದ ಶುರುವಿನಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯಸ್ಸು ಸುಮಾರು 25 ವರ್ಷ. ಈಗ ಅಲ್ಲಿ ಸುಮಾರು 60. ಹೃದಯದ ಆಪರೇಷನ್, ಒಳ್ಳೆಯ ಆರೈಕೆ, ಮಕ್ಕಳನ್ನು ದೊಡ್ಡ ಆಶ್ರಮಗಳಿಗೆ ಬಿಡದೆ ಮನೆಯಲ್ಲೇ ಬೆಳೆಸಿದ್ದು, ಇವುಗಳಿಂದ ಆದ ಬದಲಾವಣೆ ಅದು. ಅಂದರೆ ಮಕ್ಕಳು ಅಪ್ಪ ಅಮ್ಮನಿಗಿಂತ ಹೆಚ್ಚು ಕಾಲ ಬದುಕುವ ಮೊದಲ ತಲೆಮಾರುಗಳು ಇವು. 2020ರಲ್ಲಿ ಗ್ಲೋಬಲ್ ಡೌನ್ ಸಿಂಡ್ರೋಮ್ ಫೌಂಡೇಷನ್ ದೊಡ್ಡವರ ಆರೋಗ್ಯಕ್ಕೇ ಬೇರೆ ಮಾರ್ಗಸೂಚಿ ಹೊರತರಬೇಕಾಯಿತು. ನಲವತ್ತು ದಾಟಿದ ಮೇಲೆ ಇವರಿಗೆ ಮರೆವಿನ ಕಾಯಿಲೆ ಬೇಗ ಬರಬಹುದು ಅನ್ನುವುದೂ ಅದರಲ್ಲಿದೆ. ನಿಮಗೆ ಅದು ಈಗಲೇ ಬೇಡ.

ನಮ್ಮ ಕಾನೂನಿನಲ್ಲಿ ದಾರಿ ಇದೆ. ಅವಳಿಗೆ 18 ತುಂಬಿದ ಮೇಲೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಅವಳ ಹೊಣೆ ಹೊರುವ ಗಾರ್ಡಿಯನ್ ಒಬ್ಬರನ್ನು ನೇಮಿಸಿಕೊಳ್ಳಬಹುದು. ಕೋರ್ಟಿಗೆ ಅಲೆಯಬೇಕಿಲ್ಲ. ಹೊಲದಲ್ಲಿ ಅವಳ ಪಾಲು ಏನು ಅನ್ನುವುದನ್ನೂ ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿಡಿ. ಆದರೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಬೇಕು ಅಂತ ಈಗಲೇ ಅಂದುಕೊಳ್ಳಬೇಡಿ. ಸ್ಪೇನಿನಲ್ಲಿ ಮಾರ್ ಗಾಲ್ಸೆರಾನ್ ಅನ್ನುವ ಡೌನ್ ಸಿಂಡ್ರೋಮ್ ಇರುವ ಹೆಣ್ಣುಮಗಳು 2023ರಲ್ಲಿ ವಲೆನ್ಸಿಯಾ ಪ್ರಾಂತ್ಯದ ಶಾಸನಸಭೆಗೆ ಹೋದರು. ಎಲ್ಲರೂ ಹಾಗಾಗುವುದಿಲ್ಲ, ಯಾವ ಮಕ್ಕಳಲ್ಲೂ ಎಲ್ಲರೂ ಹಾಗಾಗುವುದಿಲ್ಲ. ನಿಮ್ಮ ಮಗಳು ಏನು ಉಡಬೇಕು, ಎಲ್ಲಿ ಕೂರಬೇಕು ಅನ್ನುವುದನ್ನು ಅವಳನ್ನೇ ಕೇಳುವ ಅಭ್ಯಾಸ ಮೂರು ವರ್ಷದಿಂದಲೇ ಶುರುವಾದರೆ, ಹದಿನೆಂಟಕ್ಕೆ ತನ್ನ ಮಾತು ತಾನು ಹೇಳಿಕೊಳ್ಳುತ್ತಾಳೆ.

ಬೇರೆ ಪೋಷಕರ ಪರಿಚಯ ಮಾಡಿಕೊಳ್ಳಿ. ಸಿಆರ್‌ಸಿಯ ಹೊರಗೆ ಕಾಯುವ ಬೆಂಚೇ ಅದಕ್ಕೆ ಒಳ್ಳೆಯ ಜಾಗ. ಬೌದ್ಧಿಕ ಅಂಗವಿಕಲತೆ ಇರುವವರ ಪೋಷಕರ ಸಂಘಗಳ ರಾಷ್ಟ್ರೀಯ ಒಕ್ಕೂಟ ಪರಿವಾರ್ ಬೆಂಗಳೂರಿನಲ್ಲಿದೆ. ನಾಲ್ಕಾರು ಮನೆಯವರು ಸೇರಿದರೆ ಅವರನ್ನೂ ಚೆನ್ನೈನ ಫೆಡರೇಷನ್‌ನವರನ್ನೂ ಕೇಳಿ ಇಲ್ಲೇ ಒಂದು ಗುಂಪು ಮಾಡಿಕೊಳ್ಳಬಹುದು. ಹೊರದೇಶದ ಸಂಸ್ಥೆಗಳು ಒಬ್ಬೊಬ್ಬರ ಪತ್ರಕ್ಕಿಂತ ಇಂಥ ಗುಂಪಿನ ಪತ್ರಕ್ಕೆ ಬೇಗ ಸ್ಪಂದಿಸುತ್ತವೆ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಹಳೆಯ ರಕ್ತ ಪರೀಕ್ಷೆಯ ವರದಿ ತೆಗೆದು ನೋಡಿ. ಅದರಲ್ಲಿ 47 ಅಂತ ಶುರುವಾಗಿ ಕೊನೆಗೆ +21 ಅಂತ ಇದ್ದರೆ ಅದು ಸಾಮಾನ್ಯವಾಗಿ ಕಾಣುವ ಬಗೆ, ನೂರಕ್ಕೆ ಸುಮಾರು 95 ಮಂದಿಯಲ್ಲಿ ಇರುವುದು ಅದೇ. ಆಗ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸುಮಾರು ನೂರಕ್ಕೊಂದು, ತಾಯಿಯ ವಯಸ್ಸು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ವರದಿ 46 ಅಂತ ಶುರುವಾಗಿ ಟ್ರಾನ್ಸ್‌ಲೊಕೇಷನ್ (ಹೆಚ್ಚುವರಿ ಕ್ರೋಮೋಸೋಮ್ ಇನ್ನೊಂದಕ್ಕೆ ಅಂಟಿಕೊಂಡಿರುವುದು) ಅಂತ ಬರೆದಿದ್ದರೆ ವಿಷಯ ಬೇರೆ. ಗಂಡ ಹೆಂಡತಿ ಇಬ್ಬರೂ ಕ್ರೋಮೋಸೋಮ್ ಪರೀಕ್ಷೆ ಮಾಡಿಸಬೇಕು, ಮುಂದಿನ ಬಸಿರಿಗೆ ಮುಂಚೆಯೇ. ವರದಿ ಓದಲು ತಿಳಿಯದಿದ್ದರೆ ಅದರ ಫೋಟೋ ತೆಗೆದು ನನಗೆ ಕಳಿಸಿ, ಮಗಳ ಹೆಸರು ಕಾಣದ ಹಾಗೆ.